ಪಡಸಾಲಿಗೆ ತಾ, ತಂಗೆವ್ವಾ

ತಂಗೆವ್ವಾ,

ಮೊನ್ನೆ ನಿಮ್ಮ ಮನೆಗೆ ಬಂದಾಗ ನೀನು ನೀರು ತರಲು ಒಳಗೆ ಹೋದಿ. ನಾನು ಕೂತ ಜಾಗದ ಎದುರಿಗೇ ಗೋಡೆಯ ಮಾಡ. ನಿಮ್ಮವ್ವ ಸಣ್ಣವಳಿದ್ದಾಗ ಅಲ್ಲಿ ಚಿಮಣಿ ಇಡುತ್ತಿದ್ದರು. ಆ ಹೊಗೆಯ ಕರಿ ಇನ್ನೂ ಮೇಲೆ ಹಾಗೇ ಹತ್ತಿಕೊಂಡಿದೆ. ಈಗ ಅಲ್ಲಿ ನಿನ್ನ ಹತ್ತನೆಯ ಇಯತ್ತೆಯ ಪುಸ್ತಕಗಳು, ಗೈಡುಗಳು. ಅವುಗಳ ಹಿಂದೆ, ಹೆಸರು ಕಾಣದ ಹಾಗೆ ತಿರುವಿ ಇಟ್ಟ ನಾಲ್ಕು ಪುಸ್ತಕ ಕಣ್ಣಿಗೆ ಬಿದ್ದವು. ತೆಗೆದು ನೋಡಿದೆ. ‘ನಾನೂ ಅಂಬೇಡ್ಕರ್’, ‘ಓಡಿ ಹೋದ ಹುಡುಗ’, ‘ಬಾವಲಿ ಗುಹೆ’, ‘ಸೂರಕ್ಕಿ ಗೇಟ್’. ನೀನು ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿ. ಮೆಣಸಿನಕಾಯಿ ಬಿಡಿಸಿದ ಕೂಲಿಯಲ್ಲಿ ಧಾರವಾಡದಿಂದ ತರಿಸಿದ್ದು ಅಂತ ಸಣ್ಣ ದನಿಯಲ್ಲಿ ಹೇಳಿ, “ಅವ್ವಗ ಹೇಳಬ್ಯಾಡ ಅಜ್ಜಾ” ಅಂದಿ.

ನಾನು ಹೇಳಿಲ್ಲ. ಆದರೆ ಆ ಒಂದು ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನೀನು ತಂದದ್ದು ಒಳ್ಳೆಯ ಪುಸ್ತಕ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಸಾಹಿತ್ಯಕ್ಕೆಂದೇ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ 2020ರಲ್ಲಿ ಎಚ್.ಎಸ್. ಬ್ಯಾಕೋಡ, 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರಿಗೆ ಅದು ಬಂತು. ಅದು ಬಂದ ಆ ನಾಲ್ಕೂ ಪುಸ್ತಕ ನಿನ್ನ ಮಾಡದಲ್ಲಿವೆ, ನಾಲ್ಕೂ ಕಾದಂಬರಿಗಳು. ನಿನಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ನನಗೆ ಹಾಗಲ್ಲ. ನಾವು ನಿನ್ನ ವಯಸ್ಸಿನಲ್ಲಿ ‘ಚಂದಮಾಮ’ ಕೆಳಗಿಟ್ಟು ಒಮ್ಮೆಗೇ ದೊಡ್ಡವರ ಕಾದಂಬರಿಗೆ ಜಿಗಿಯಬೇಕಿತ್ತು. ನಡುವೆ ಕಾಲಿಡಲು ಒಂದು ಮೆಟ್ಟಿಲೂ ಇರಲಿಲ್ಲ. ದನಿ ಒಡೆಯುವ ವಯಸ್ಸು, ಮನೆಯ ಸಾಲ ಅರ್ಥವಾಗುವ ವಯಸ್ಸು, ಗೆಳೆಯನ ಮನೆಯಲ್ಲಿ ನೀರು ಕುಡಿಯಬೇಡ ಅಂದದ್ದು ಯಾಕೆ ಅಂತ ಮೊದಲ ಸಲ ಹೊಳೆಯುವ ವಯಸ್ಸು. ಆ ವಯಸ್ಸಿನವರನ್ನೇ ನಡುಮಧ್ಯೆ ಕೂರಿಸಿ ಬರೆದ ಪುಸ್ತಕ ನಮ್ಮ ಕೈಗೆ ಬರಲೇ ಇಲ್ಲ.

ಈಗ ನನ್ನ ಕಥೆ ಕೇಳು. ನಿಮ್ಮವ್ವನಿಗೂ ಇದನ್ನು ಹೇಳಿಲ್ಲ.

1968. ನಾನೂ ನಿನ್ನ ಹಾಗೆ ಹದಿನೈದರವನು. ಊರಲ್ಲಿ ಒಬ್ಬ ಮಾಸ್ತರರು ಮನೋಹರ ಗ್ರಂಥಮಾಲೆಯ ಚಂದಾದಾರರಾಗಿದ್ದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಸಂಸ್ಥೆ ಅದು. ಚಂದಾ ಮೊದಲೇ ಕಟ್ಟಿದರೆ ಪುಸ್ತಕಗಳು ಟಪಾಲಿನಲ್ಲಿ ಬರುತ್ತಿದ್ದವು. ಆ ಮಾಸ್ತರರ ಮನೆಯಿಂದ ನಾನು ರಾವಬಹಾದ್ದೂರರ ‘ಗ್ರಾಮಾಯಣ’ ತಂದೆ. ನಮ್ಮಪ್ಪ, ಅಂದರೆ ನಿನ್ನ ಮುತ್ತಜ್ಜ, ಅಕ್ಷರ ಕಲಿತವನಲ್ಲ. ಸಾಲಿ ಪುಸ್ತಕ ಬಿಟ್ಟು ಬೇರೆ ಏನಾದರೂ ಕೈಯಲ್ಲಿ ಕಂಡರೆ ಬಯ್ಯುತ್ತಾನೆ ಅಂತ ನಾನೇ ತಿಳಿದುಕೊಂಡಿದ್ದೆ. ಕೇಳಿ ನೋಡಲಿಲ್ಲ. ಹಿತ್ತಲಿನ ಕಣಕಿ ಬಣವಿಯೊಳಗೆ ಮೊಳದುದ್ದ ಕೈ ತೂರಿಸಿ ಪುಸ್ತಕ ಬಚ್ಚಿಟ್ಟೆ. ದನ ಬಿಡಲು ಹೋದಾಗ ಹತ್ತು ಪುಟ, ಹೊಲಕ್ಕೆ ಬುತ್ತಿ ಒಯ್ಯುವಾಗ ಹತ್ತು ಪುಟ.

ಆ ವರ್ಷ ಭರಣಿ ಮಳೆ ರಾತ್ರಿ ಬಂತು. ಗಾಳಿಗೆ ಬಣವಿಯ ನೆತ್ತಿ ಹಾರಿಹೋಯಿತು. ಬೆಳಿಗ್ಗೆ ಕೈ ಹಾಕಿ ತೆಗೆದರೆ ಪುಸ್ತಕ ಉಬ್ಬಿ ಎರಡರಷ್ಟು ದಪ್ಪ ಆಗಿತ್ತು. ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಚೂರು ಚೂರಾಗಿ ಕಿತ್ತು ಬರುತ್ತಿದ್ದವು. ಕಣಕಿಯಿಂದ ಇಳಿದ ಕಂದು ನೀರು ಅಕ್ಷರದ ಮೇಲೆಲ್ಲ ಹರಿದಿತ್ತು. ಅವ್ವ ಒಲೆಯ ಹತ್ತಿರ ಇಟ್ಟು ಒಣಗಿಸಿದಳು. ಆಗ ಅಪ್ಪನಿಗೂ ಗೊತ್ತಾಯಿತು.

ಅವನು ಬಯ್ಯಲಿಲ್ಲ. ಎರಡು ಸೇರು ಹೆಸರು ಅಳೆದು ಚೀಲಕ್ಕೆ ಹಾಕಿ ನನ್ನನ್ನು ಕರಕೊಂಡು ಮಾಸ್ತರರ ಮನೆಗೆ ನಡೆದ. ಅವರು ಬೇಡ ಅಂದರೂ ಕಟ್ಟೆಯ ಮೇಲೆ ಚೀಲ ಇಟ್ಟು, “ನಮ್ಮ ಹುಡುಗ ತಪ್ಪು ಮಾಡ್ಯಾನ್ರಿ” ಅಂತ ಕೈ ಮುಗಿದ. ತಿರುಗಿ ಬರುವಾಗ ಹಣಮಪ್ಪನ ಗುಡಿ ದಾಟಿದ ಮೇಲೆ ಕೇಳಿದ: “ಏನಿತ್ತೋ ತಮ್ಮಾ, ಅದರಾಗ?”

ನಾನಂದೆ: “ಏನಿಲ್ಲಪಾ. ಸುಮ್ನ ಒಂದು ಕತಿ.”

ಅದರೊಳಗೆ ಒಂದು ಹಳ್ಳಿ ಇತ್ತು, ತಂಗೆವ್ವಾ. ನಮ್ಮ ಕಡೆಯದೇ ಹಳ್ಳಿ, ನಮ್ಮ ಕಡೆಯದೇ ಮಾತು, ನಮ್ಮಪ್ಪ ದಿನವೂ ಚಾವಡಿಯಲ್ಲಿ ಕೂತು ಕೇಳುವಂಥದೇ ಜಗಳ. ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು, ಅವನು ಗುಡಿಕಟ್ಟೆಯ ಮೇಲೆ ಕೂತು “ಮುಂದ?” ಅನ್ನುತ್ತಿದ್ದ. ಅವನು ಒಳ್ಳೆಯ ಕೇಳುಗ. ರಾತ್ರಿಯಿಡೀ ದೊಡ್ಡಾಟ ನೋಡಿ ಬೆಳಿಗ್ಗೆ ಪದ ಸಮೇತ ಹೇಳುವವನು. ನಾನು “ಏನಿಲ್ಲ” ಅಂದೆ. ಅವನು ಸುಮ್ಮನಾದ. ಮುಂದೆ ನಾನು ಎಷ್ಟು ಓದಿದರೂ ಆ ಪ್ರಶ್ನೆಯನ್ನು ಅವನು ಮತ್ತೆ ಕೇಳಲೇ ಇಲ್ಲ. ಪುಸ್ತಕ ಹಾಳಾದದ್ದು ನನಗೆ ಎಂದೋ ಮರೆತಿದೆ. ಆ ಉತ್ತರ ಮರೆತಿಲ್ಲ.

ಅದಕ್ಕೇ ನಿನಗೆ ಹೇಳುತ್ತೇನೆ, ಬಚ್ಚಿಡಬೇಡ. ಬಚ್ಚಿಟ್ಟ ಪುಸ್ತಕಕ್ಕೆ ಮಳೆಗಿಂತ ಮೊದಲು ಕಳ್ಳತನದ ಕಳೆ ಹತ್ತುತ್ತದೆ. ಮನೆಯವರಿಗೂ “ಇವಳು ಏನೋ ಕೆಟ್ಟದ್ದು ಓದುತ್ತಾಳೆ” ಅನ್ನುವ ಸಂಶಯ ಬರುವುದು ಹಾಗೆಯೇ. ನಿಮ್ಮವ್ವ ಪರೀಕ್ಷೆಗೆ ಓದು ಅನ್ನುತ್ತಾಳೆ, ಹೌದು. ಆಕೆಯದು ತಪ್ಪಲ್ಲ. ನೀನು ಪಿ.ಯು.ಸಿ.ಗೆ ಧಾರವಾಡಕ್ಕೆ ಹೋಗಬೇಕು ಅಂತ ಬಿಸಿಲಲ್ಲಿ ಸಾಲು ಹಿಡಿದು ಕಸ ತೆಗೆಯುವವಳು ಆಕೆ. ಹಗಲು ಪರೀಕ್ಷೆಯ ಓದು ಓದು, ಅದರಲ್ಲಿ ಕದಿಯಬೇಡ. ಆದರೆ ಸಂಜೆ ಆಕೆ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂರುತ್ತಾಳಲ್ಲ, ಆ ಅರ್ಧ ತಾಸು ಎದುರಿಗೆ ಕೂತು ಜೋರಾಗಿ ಓದು. ಆಕೆಯ ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ.

ಓದುತ್ತ ಓದುತ್ತ ನಾಚಿಕೆ ಆಗುವ ಜಾಗ ಬಂದರೆ? ಬರಬಹುದು. ಈ ವಯಸ್ಸಿನ ಕಾದಂಬರಿಗಳು ಮನಸ್ಸಿನ ಒಳಗಿನದನ್ನೂ ಮುಟ್ಟುತ್ತವೆ. ಅಲ್ಲಿ ಮನಸ್ಸಿನಲ್ಲಿ ಓದಿಕೋ, ಆಮೇಲೆ ಮುಂದೆ ಹೋಗು. ಎಲ್ಲವನ್ನೂ ಎಲ್ಲರಿಗೂ ಹೇಳು ಅನ್ನುತ್ತಿಲ್ಲ. ಕೇಳಿದಾಗ “ಏನಿಲ್ಲ” ಅನ್ನಬೇಡ, ಅಷ್ಟೇ.

ಓದುವಾಗ ನಿಮ್ಮವ್ವ ನಡುವೆ ಬಾಯಿ ಹಾಕುತ್ತಾಳೆ, ನೋಡುತ್ತಿರು. ‘ಬಾವಲಿ ಗುಹೆ’ಯ ಮಲೆನಾಡಿನ ಕಾಡು ಬಂದರೆ, “ನಮ್ಮಲ್ಲೆಲ್ಲಿ ಕಾಡು, ಕಣ್ಣು ಹಾಯುವ ತನಕ ಎರಿ ಹೊಲ” ಅನ್ನುತ್ತಾಳೆ. ಆಗ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚು, ಆಕೆಗೆ ಹೇಳಲು ಬಿಡು. ಬೆಣ್ಣಿಹಳ್ಳ ತುಂಬಿ ಬಂದು ದಾರಿ ಕಟ್ಟಾದ ದಿನ ಹೇಳಿಯಾಳು. 1980ರ ಜುಲೈ 21 ಹೇಳಿಯಾಳು. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಕರ ಕಟ್ಟಿ ಅಂದದ್ದಕ್ಕೆ ರೈತರು ಎದ್ದರು. ಅಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು. ನಮ್ಮಣ್ಣ ಅಂದು ನವಲಗುಂದಕ್ಕೆ ಹೋಗಿದ್ದ. ನಿಮ್ಮವ್ವ ಆಗ ಆರು ವರ್ಷದವಳು, ಅಪ್ಪ ಬರುವ ತನಕ ಹೊಸ್ತಿಲ ಮೇಲೆ ಕೂತಿದ್ದಳು. ಉಣ್ಣು ಅಂದರೆ ಉಣ್ಣಲಿಲ್ಲ. ಅವನು ನಸುಕಿನಲ್ಲಿ ನಡೆದು ಬಂದ. ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಮನೆಗೆ ತಿರುಗಿ ಬರಲಿಲ್ಲ. ಅವರ ಹೆಸರು ವರ್ಷಾ ವರ್ಷಾ ಹುತಾತ್ಮರ ದಿನ ಹೇಳುತ್ತೇವೆ. ಹೊಸ್ತಿಲ ಮೇಲೆ ಕೂತ ಆ ಆರು ವರ್ಷದ ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳಿಲ್ಲ. ನಾನೂ ಕೇಳಿಲ್ಲ.

ನಮ್ಮ ಕಡೆಯ ಅಣ್ಣಿಗೇರಿ ಆದಿಕವಿ ಪಂಪ ಹುಟ್ಟಿದ ಊರು ಅಂತ ನಾವು ಭಾಷಣ ಮಾಡುತ್ತೇವೆ. ಮಾಡೋಣ. ಆದರೆ ಈ ಎರಿ ಮಣ್ಣಿನಲ್ಲಿ ಹದಿನೈದು ತುಂಬಿದ ಹುಡುಗಿಯ ಕಾದಂಬರಿ ನಿನ್ನ ಮಾಡದಲ್ಲಿ ಇನ್ನೂ ಬಂದಿಲ್ಲ. ನೀನೇ ಬರಿ ಅಂತ ಹೊರೆ ಹೊರಿಸುವುದಿಲ್ಲ. ಅವ್ವ ಹೇಳಿದ್ದನ್ನು ಒಂದು ವಹಿಯಲ್ಲಿ ದಿನಾಂಕ ಹಾಕಿ ಗೀಚಿಡು, ಸಾಕು. ಆಕೆಯ ಮಾತಿನಲ್ಲೇ ಬರಿ, ತಿದ್ದಬೇಡ.

ಇನ್ನೊಂದು. ಎಲ್ಲ ಪುಸ್ತಕವನ್ನೂ ಕೂಲಿ ದುಡ್ಡಿನಲ್ಲಿ ಕೊಳ್ಳಬೇಕಿಲ್ಲ. 2020ರ ನವೆಂಬರದಲ್ಲಿ ‘ಓದುವ ಬೆಳಕು’ ಅಂತ ಶುರುವಾದ ಮೇಲೆ ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹೋಗಿ ಹೆಸರು ಬರೆಸು. ಈ ನಾಲ್ಕು ಪುಸ್ತಕದ ಹೆಸರನ್ನೂ ಚೀಟಿಯಲ್ಲಿ ಬರೆದು ಕೊಡು, ನಿನ್ನ ಗೆಳತಿಯರಿಗೂ ಬೇಕಲ್ಲ.

ಮುಂದಿನ ವಾರ ಬರುತ್ತೇನೆ. ‘ಸೂರಕ್ಕಿ ಗೇಟ್’ ನನಗೂ ಓದಬೇಕಾಗಿದೆ. ಅವ್ವನಿಗೆ ಓದಿ ಮುಗಿದ ಮೇಲೆ ಕೊಡು, ಅವಸರವಿಲ್ಲ.

ನಿನ್ನ ಸಣ್ಣಜ್ಜ