ಕ್ರಿಮಿನಾಲಜಿ ಓದಬೇಕೆಂದಿದ್ದೀರಾ? ಇಗೋ ಒಂಬತ್ತು ಸೂತ್ರ

ಪಿಯು ಫಲಿತಾಂಶ ಬಂದ ವಾರ ಬಿ.ಎ. ಕಾಂಬಿನೇಷನ್ ಪಟ್ಟಿ ನೋಡುತ್ತಾ ನಿಂತವರ ಕಣ್ಣು ‘ಕ್ರಿಮಿನಾಲಜಿ’ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ. ವೆಬ್ ಸೀರೀಸ್ ನೋಡಿದ ಮಕ್ಕಳಿಗೆ ಥ್ರಿಲ್ಲು, ಜೊತೆಗೆ ಬಂದ ಅಪ್ಪ ಅಮ್ಮನಿಗೆ ಗಾಬರಿ. ಇಬ್ಬರ ಅಂದಾಜೂ ತಪ್ಪು. ಇಲ್ಲಿ ಕಳ್ಳನ ಹಿಂದೆ ಓಡುವ ಪಾಠವಿಲ್ಲ. ಕಾಗದ ಓದುವುದು, ಅಂಕಿ ಅಳೆಯುವುದು, ಜನರ ಮಾತನ್ನು ತಾಳ್ಮೆಯಿಂದ ಕೇಳುವುದು ಮಾತ್ರ ಬೇಕಾದಷ್ಟಿದೆ. ಅದು ಒಗ್ಗುವವರಿಗಾಗಿ ಈ ಮಾತುಗಳು.

1. ಕ್ರಿಮಿನಾಲಜಿಯೋ, ಫೊರೆನ್ಸಿಕ್ಕೋ ಮೊದಲೇ ತೀರ್ಮಾನಿಸಿ

ಅಪರಾಧ ಯಾಕೆ ನಡೆಯುತ್ತದೆ, ಸಮಾಜ ಅದಕ್ಕೆ ಏನು ಮಾಡುತ್ತದೆ, ಶಿಕ್ಷೆಯಿಂದ ಯಾರಿಗೆ ಏನಾಗುತ್ತದೆ ಎಂದು ಕೇಳುವುದು ಕ್ರಿಮಿನಾಲಜಿ. ರಕ್ತ, ಬೆರಳಚ್ಚು, ಗುಂಡು, ವಿಷ ಇವೆಲ್ಲ ಫೊರೆನ್ಸಿಕ್. ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ರೋಶನಿ ನಿಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಎಲ್ಲ ಕಡೆಯೂ ವಿಭಾಗದ ಹೆಸರಿನಲ್ಲಿ ಎರಡೂ ಜೋಡಿಯಾಗಿಯೇ ಇರುತ್ತವೆ. ಹೆಸರು ಜೋಡಿಯಾದರೂ ದಾರಿ ಬೇರೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕನಸಿದ್ದರೆ ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಇರುವ ಬಿ.ಎಸ್ಸಿ. ಹಿಡಿಯಿರಿ. ಬಿ.ಎ. ಮುಗಿಸಿದ ಮೇಲೆ ಈ ವಿಷಯ ಗೊತ್ತಾದರೆ ಮೂರು ವರ್ಷ ಹಿಂದಕ್ಕೆ ಬರುವುದಿಲ್ಲ.

2. ಜೋಡಿ ವಿಷಯ ಸುಮ್ಮನೆ ಆರಿಸಬೇಡಿ

ಸಮಾಜಶಾಸ್ತ್ರ ಇಲ್ಲವೇ ಮನಃಶಾಸ್ತ್ರ. ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು.

3. ಹಳೆಯ ಕಲಂ, ಹೊಸ ಕಲಂ ಎರಡೂ ಬಾಯಲ್ಲಿರಲಿ

2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಾಗೆಂದು ಹಳೆಯದನ್ನು ಮರೆಯುವಂತಿಲ್ಲ. ಆ ದಿನಕ್ಕೆ ಮೊದಲು ನಡೆದ ಅಪರಾಧಗಳ ವಿಚಾರಣೆ ಐಪಿಸಿ ಕಲಂಗಳಡಿಯೇ ಇನ್ನೂ ಹಲವು ವರ್ಷ ಸಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಎಳೆದುಕೊಳ್ಳಿ: ಕೊಲೆ 302, ಈಗ 103. ಕೊಲೆ ಯತ್ನ 307, ಈಗ 109. ಕಳವು 379, ಈಗ 303. ವಂಚನೆ 420, ಈಗ 318. ಮೋಸ ಮಾಡಿದವನನ್ನು ಜನ ‘ಫೋರ್ ಟ್ವೆಂಟಿ’ ಎಂದು ಬೈಯುವುದಂತೂ ನಿಲ್ಲುವುದಿಲ್ಲ ಬಿಡಿ.

ಅಂಥ ನಲವತ್ತು ಕಲಂ ಸಾಕು. ಜೊತೆಗೆ ಒಂದನ್ನು ಗುರುತು ಹಾಕಿಟ್ಟುಕೊಳ್ಳಿ: ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ, ಮೂರನೇ ಉಪಕಲಂ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ ಅದು. ನಿಮ್ಮ ಬ್ಯಾಚಿನವರಿಗೆ ಮುಂದೆ ಕೆಲಸ ಹುಟ್ಟುವ ಒಂದು ಜಾಗ ಇದೇ.

4. ಸಿದ್ಧಾಂತವನ್ನು ನಿಮ್ಮ ತಾಲ್ಲೂಕಿಗೆ ತನ್ನಿ

ಬೆಕ್ಕಾರಿಯಾ 1764, ಲೊಂಬ್ರೋಸೊ 1876, ಮೆರ್ಟನ್ 1938 ಎಂದು ಉರು ಹೊಡೆದರೆ ಪರೀಕ್ಷೆ ಪಾಸಾಗಬಹುದು. ವಿಷಯ ತಲೆಗೆ ಹತ್ತುವುದಿಲ್ಲ.

ಲೊಂಬ್ರೋಸೊನನ್ನೇ ತೆಗೆದುಕೊಳ್ಳಿ. ದವಡೆ, ಹಣೆ, ಕಿವಿ ಅಳೆದು ‘ಹುಟ್ಟು ಅಪರಾಧಿ’ಯನ್ನು ಗುರುತಿಸಬಹುದೆಂದು ನಂಬಿದ್ದ ಇಟಲಿಯ ವೈದ್ಯ ಆತ. ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ. ಆದರೆ ಅವನ ಪುಸ್ತಕಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಮುಂದೆ ಮುಂಬೈ ಪ್ರಾಂತದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕುವ ವಸಾಹತುಗಳೆದ್ದವು. ಬೇಲಿ ದಾಟಬೇಕಾದರೆ ಚೀಟಿ, ಹೊತ್ತುಹೊತ್ತಿಗೆ ಹಾಜರಿ. ಕಾಯ್ದೆ 1952ರಲ್ಲಿ ಹೋಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಈಗಲೂ ಉಳಿದಿದೆ. ಊರಲ್ಲಿ ಕಳವಾದಾಗ ಮೊದಲು ಯಾವ ಕೇರಿಯ ಹುಡುಗರನ್ನು ಠಾಣೆಗೆ ಕರೆಯುತ್ತಾರೆ ಎಂದು ಒಮ್ಮೆ ವಿಚಾರಿಸಿ ನೋಡಿ. ನಕ್ಕವರ ನಗು ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು, ಕೊಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದ್ದು: ಕದಿಯುವ ಮನಸ್ಸಿರುವವನು, ಕೈಗೆ ಸಿಗುವ ವಸ್ತು, ಕಾಯುವವರಿಲ್ಲದ ಹೊತ್ತು, ಮೂರೂ ಒಂದೆಡೆ ಕೂಡಿದಾಗ ಅಪರಾಧ. ಇದನ್ನು ಜಾತ್ರೆಯ ರಾತ್ರಿಗೆ ಹೊಂದಿಸಿ. ಮನೆಮಂದಿಯೆಲ್ಲ ತೇರಿನ ಹತ್ತಿರ, ಬಾಗಿಲಿಗೆ ಬೀಗ, ಒಳಗೆ ಬೀರು, ಎದುರು ಮನೆಯವರೂ ಜಾತ್ರೆಗೇ ಹೋಗಿದ್ದಾರೆ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಹೋಗಿ ಎಂದು ಪೊಲೀಸರು ಹೇಳುವುದು ಆ ಮೂರನೆಯ ಕೊರತೆ ತುಂಬಲಿಕ್ಕೆ.

ಬಿಳಿ ಅಂಗಿಯವರನ್ನೂ ಬಿಡಬೇಡಿ. ಸದರ್ಲೆಂಡ್ 1939ರಲ್ಲಿ ವೈಟ್ ಕಾಲರ್ ಅಪರಾಧದ ಮಾತೆತ್ತಿದ. 2019ರ ಬೆಂಗಳೂರಿನ ಐಎಂಎ ಹೂಡಿಕೆ ವಂಚನೆ ಪ್ರಕರಣದ ಸುದ್ದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಅವನನ್ನು ಓದಿದರೆ ಬೇರೆ ಗೈಡ್ ಬೇಕಿಲ್ಲ.

5. ಅಂಕಿ ಕಂಡರೆ ಮೊದಲು ಅನುಮಾನಿಸಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ಕ್ರೈಮ್ ಇನ್ ಇಂಡಿಯಾ’ ಉಚಿತವಾಗಿ ಸಿಗುತ್ತದೆ. ಕೋಷ್ಟಕಕ್ಕಿಂತ ಮೊದಲು ಅದರ ಟಿಪ್ಪಣಿ ಓದಿ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಲೆಕ್ಕಕ್ಕೆ ಹೋಗುವುದು ಅತಿ ಗಂಭೀರವಾದ ಒಂದು ಮಾತ್ರ. ಮನೆಗೆ ನುಗ್ಗಿದವನು ಯಜಮಾನನನ್ನು ಕೊಂದು ಒಡವೆ ಒಯ್ದರೆ ಅದು ಕೊಲೆಯ ಕಾಲಂನಲ್ಲಿ ಕೂರುತ್ತದೆ; ಒಡವೆಯ ಕಳವು ಎಲ್ಲೂ ಕಾಣುವುದಿಲ್ಲ. ಇನ್ನು, ಅಲ್ಲಿರುವುದು ದಾಖಲಾದ ಅಪರಾಧ, ನಡೆದದ್ದೆಲ್ಲ ಅಲ್ಲ. ದೂರು ಸಲೀಸಾಗಿ ಬರೆದುಕೊಳ್ಳುವ ಜಿಲ್ಲೆಯ ಅಂಕಿ ಏರುತ್ತದೆ, ಫಿರ್ಯಾದಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸುವ ಜಿಲ್ಲೆ ಶಾಂತವಾಗಿ ಕಾಣುತ್ತದೆ. ‘ನಮ್ಮ ಜಿಲ್ಲೆ ನಂಬರ್ ಒನ್’ ಎಂಬ ತಲೆಬರಹ ಕಂಡಾಗ ಲಕ್ಷ ಜನಸಂಖ್ಯೆಗೆ ಎಷ್ಟು ಎಂದು ಭಾಗಿಸಿ ನೋಡಿ. ಎಕ್ಸೆಲ್ ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

6. ತಿಂಗಳಿಗೊಂದು ದಿನ ಕೋರ್ಟಿನಲ್ಲಿ ಕುಳಿತುಕೊಳ್ಳಿ

ನನ್ನನ್ನು ಕೇಳಿದರೆ ಪದವಿಯ ಅರ್ಧ ಪಾಠ ಇಲ್ಲಿದೆ. ಲೈಂಗಿಕ ದೌರ್ಜನ್ಯದಂಥ ಪ್ರಕರಣ ಬಿಟ್ಟರೆ ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಮೊಬೈಲ್ ಆರಿಸಿ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ.

ಹೋಗುವ ಮುಂಚೆ ಕೆಲವು ಎಫ್‌ಐಆರ್ ಓದಿಕೊಳ್ಳಿ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಪೊಲೀಸರು ಜಾಲತಾಣಕ್ಕೆ ಹಾಕಬೇಕು. ‘ಈ ದಿನ ಫಿರ್ಯಾದಿದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ’ ಎಂದು ಶುರುವಾಗುವ ವಾಕ್ಯ ಪೂರ್ಣವಿರಾಮ ಕಾಣುವುದು ಪುಟದ ಕೊನೆಗೆ. ಆ ಉದ್ದ ಸಾಲಿನಿಂದ ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ದೂರು ಕೊಡಲು ತಡವೇಕಾಯಿತು ಎಂಬುದನ್ನು ಬಿಡಿಸಿ ಬರೆಯುವುದೇ ಒಂದು ಅಭ್ಯಾಸ.

ಕೋರ್ಟಿನಲ್ಲಿ ಮಹಜರು ಸಾಕ್ಷಿ ಕಟಕಟೆ ಹತ್ತುವುದನ್ನು ಗಮನಿಸಿ (ಉತ್ತರ ಕರ್ನಾಟಕದವರಿಗೆ ಪಂಚನಾಮೆಯ ಪಂಚ). ಸಹಿ ನಿಮ್ಮದೇ ಏನ್ರೀ ಎಂದರೆ ಹೌದು ಎನ್ನುತ್ತಾನೆ. ಚಾಕು ನಿಮ್ಮೆದುರಿಗೇ ಜಪ್ತಿ ಮಾಡಿದರಾ ಎಂದರೆ ‘ಇಲ್ಲ ಸ್ವಾಮಿ, ಠಾಣೆಗೆ ಕರೆಸಿ ಸಹಿ ಮಾಡಿಸಿಕೊಂಡ್ರು.’ ಸರ್ಕಾರಿ ವಕೀಲರು ಪ್ರತಿಕೂಲ ಸಾಕ್ಷಿ ಎಂದು ಪಾಟೀ ಸವಾಲಿಗೆ ಅನುಮತಿ ಕೇಳುತ್ತಾರೆ. ಆತ ಹೆದರಿದನೇ, ಆರೋಪಿಯ ಕಡೆಯವರು ನೆಂಟರೇ, ಅಥವಾ ಹೇಳಿದ್ದೇ ನಿಜವೇ? ನಿಮ್ಮ ಪ್ರಾಜೆಕ್ಟಿನ ಪ್ರಶ್ನೆ ಅಲ್ಲೇ ಸಿಕ್ಕಿತು.

7. ಜೈಲಿಗೆ ಹೋಗಿ, ಪ್ರವಾಸಕ್ಕಲ್ಲ

ಕಾಲೇಜಿನ ಮೂಲಕ ಅನುಮತಿ ಪಡೆದು ಹೋಗುವಾಗ ಒಂದು ಲೆಕ್ಕ ನೆನಪಿರಲಿ: ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು. ಎದುರಿಗಿರುವವರು ಅಪರಾಧಿ ಎಂದು ತೀರ್ಪಾಗಿಲ್ಲದಿರುವ ಸಂಭವವೇ ಹೆಚ್ಚು. ‘ಏನು ಮಾಡಿ ಒಳಗೆ ಬಂದ್ರಿ?’ ಎಂದು ಕೇಳುವುದು ಒರಟುತನ. ದಿನಚರಿ ಕೇಳಿ, ವಕೀಲರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಕೇಳಿ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕೈದಿಗಳು ಹೊಲದಲ್ಲಿ ದುಡಿಯುವ ಜೈಲು ಅದು. ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದ ಪ್ರಯೋಗಗಳ ಬಗ್ಗೆಯೂ ಓದಿ. ಸುಧಾರಣೆ ಎಂದು ಸಿಲಬಸ್ಸಿನಲ್ಲಿ ಒಣಗಿ ಕೂತ ಅಧ್ಯಾಯಕ್ಕೆ ಅದರಿಂದ ಜೀವ ಬರುತ್ತದೆ.

8. ನೊಂದವರ ಕಡೆಯಿಂದಲೂ ಓದಿ

ಆರೋಪಿಯ ಹೆಸರು ಎಲ್ಲರಿಗೂ ಗೊತ್ತು, ಪೆಟ್ಟು ತಿಂದವರಿಗೆ ಏನಾಯಿತೆಂದು ಕೇಳುವವರು ಕಡಿಮೆ. ಸಂತ್ರಸ್ತರ ಪರಿಹಾರ ಯೋಜನೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿದೆ. ಪರಿಹಾರ ಎಷ್ಟೆಂದು ತೀರ್ಮಾನಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ. ಆನ್‌ಲೈನಿನಲ್ಲಿ ದುಡ್ಡು ಕಳೆದುಕೊಂಡ ನೆರೆಯವರಿಗೆ 1930ಕ್ಕೆ ತಕ್ಷಣ ಕರೆ ಮಾಡಿಸಿ, ಜಿಲ್ಲೆಯ ಸೈಬರ್ ಅಪರಾಧ (ಸೆನ್) ಠಾಣೆಗೆ ಕರೆದೊಯ್ಯಿರಿ. ಹೊರಗಿನ ಬೆಂಚಿನಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಿ.

9. ಕೆಲಸದ ವಿಷಯದಲ್ಲಿ ಭ್ರಮೆ ಬೇಡ

ಈ ಪದವಿ ಇದ್ದ ಮಾತ್ರಕ್ಕೆ ಪಿಎಸ್‌ಐ ಆಗುವುದಿಲ್ಲ. ಆ ಪರೀಕ್ಷೆಗೆ ಯಾವುದೇ ಪದವಿ ಸಾಕು, ನಿಮ್ಮ ಪಕ್ಕ ಓಡುವವನು ಬಿ.ಕಾಂ. ಆಗಿರಬಹುದು. ಪದವಿ ನೆರವಿಗೆ ಬರುವ ಜಾಗಗಳು ಬೇರೆ: ಮಕ್ಕಳ ರಕ್ಷಣೆ, ಪರಿವೀಕ್ಷಣೆ, ಆಪ್ತಸಮಾಲೋಚನೆ, ಕೈದಿಗಳ ನಡುವೆ ಕೆಲಸ ಮಾಡುವ ಸಂಸ್ಥೆಗಳು, ಬ್ಯಾಂಕುಗಳ ವಂಚನೆ ತಡೆ ವಿಭಾಗ. ಅವುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಎಂ.ಎಸ್‌ಡಬ್ಲ್ಯೂ, ಎಲ್‌ಎಲ್‌.ಬಿ. ಅಥವಾ ಎಂ.ಎ. ಬೇಕಾಗುತ್ತದೆ. ಪಾಠ ಮಾಡುವ ಆಸೆಯಿದ್ದವರಿಗೆ ನೆಟ್ ಪರೀಕ್ಷೆಯಲ್ಲಿ ಕ್ರಿಮಿನಾಲಜಿಯೇ ಒಂದು ವಿಷಯ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಿಲಾನ್ಯಾಸವಾಗಿದೆ, ಅದರ ಮೇಲೂ ಕಣ್ಣಿಡಿ.

ಪೊಲೀಸ್ ಇಲಾಖೆಯಲ್ಲಿ ಅಪರಾಧ ಸ್ಥಳ ಪರಿಶೀಲಿಸುವ ಅಧಿಕಾರಿಗಳ ಹುದ್ದೆಗಳೂ ಬಂದಿವೆ, ‘ಸೋಕೋ’ ಅನ್ನುತ್ತಾರೆ. ಅಧಿಸೂಚನೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ವಿದ್ಯಾರ್ಹತೆಯ ಸಾಲು ಓದಿ. ಸಾಧ್ಯವಾದರೆ ಹಿಂದಿನ ಒಂದೆರಡು ಅಧಿಸೂಚನೆಗಳನ್ನು ಮೊದಲ ಸೆಮಿಸ್ಟರಿನಲ್ಲೇ ತೆಗೆದು ನೋಡಿ. ವಿಷಯ ಬದಲಿಸಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ.