416416: ಸಾಂಗ್ಲಿ ಪಿನ್‌ಕೋಡ್‌ನ ಗಣಿತ ಗುಣಗಳು

ಸಂಖ್ಯೆ ದೊಡ್ಡದಾದಷ್ಟೂ ಅದನ್ನು ಅಪವರ್ತಿಸುವುದು ಕಷ್ಟವೆಂದು ಅನೇಕ ಪರೀಕ್ಷಾರ್ಥಿಗಳು ಹೆದರುತ್ತಾರೆ. ಆದರೆ ಕಷ್ಟವನ್ನು ನಿರ್ಧರಿಸುವುದು ಸಂಖ್ಯೆಯ ರಚನೆ. ಸಾಂಗ್ಲಿ ಜಿಲ್ಲೆಯ ಕೇಂದ್ರಸ್ಥಾನದ ಪಿನ್‌ಕೋಡ್ 416416 ಇದಕ್ಕೆ ಒಳ್ಳೆಯ ನಿದರ್ಶನ. ಮೂರಂಕಿಯ ಗುಂಪು ಹಾಗೆಯೇ ಮತ್ತೊಮ್ಮೆ ಬಂದರೆ ಆ ಸಂಖ್ಯೆ ಗುಂಪಿನ 1001 ಪಟ್ಟು. 1001 = 7 × 11 × 13; 416 = 2⁵ × 13. ಆದ್ದರಿಂದ 416416 = 2⁵ × 7 × 11 × 13². ಪ್ರತಿ ಘಾತಕ್ಕೆ ಒಂದು ಕೂಡಿಸಿ ಗುಣಿಸಿದರೆ 6 × 2 × 2 × 3, ಅಂದರೆ ಒಟ್ಟು 72 ಅಪವರ್ತನಗಳು. 2, 7, 11ರ ಘಾತಗಳು ಬೆಸವಾಗಿರುವುದರಿಂದ ಇದು ಪೂರ್ಣವರ್ಗವಲ್ಲ; ಪೂರ್ಣವರ್ಗವಾಗಲು ಬೇಕಾದ ಕನಿಷ್ಠ ಗುಣಕ 2 × 7 × 11 = 154. ಆಗ ದೊರೆಯುವ 64128064ರ ವರ್ಗಮೂಲ 8008.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ವಿಳಾಸದ ಗುರುತು ಮಾತ್ರ, ಅದಕ್ಕೇಕೆ ಗಣಿತ ಎಂದು ಕೇಳಬಹುದು. ಅಂಚೆ ವಿಂಗಡಣೆಗೆ ಈ ಅಪವರ್ತನಗಳಿಂದ ಪ್ರಯೋಜನವಿಲ್ಲ, ನಿಜ. ಆದರೂ ಸಂಖ್ಯೆಯ ಭಾಜ್ಯತೆ ಅದರ ಬಳಕೆಯನ್ನು ಅವಲಂಬಿಸಿಲ್ಲ. ಇಂಥ ಸುಲಭ ಸೂತ್ರ ಎಲ್ಲ ಸಂಖ್ಯೆಗೂ ಸಿಗದು ಎಂಬ ಆಕ್ಷೇಪವೂ ಸರಿಯೇ: ಪಕ್ಕದ ಮಿರಜದ 416410 ಕೇವಲ 6ರಷ್ಟು ಚಿಕ್ಕದು, ಅದು 2 × 5 × 41641. ಇಲ್ಲಿ 41641 ಅವಿಭಾಜ್ಯವೆಂದು ತಿಳಿಯಲು ಅದರ ವರ್ಗಮೂಲಕ್ಕಿಂತ ಚಿಕ್ಕದಾದ, 199ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. 416410ರ ಅಪವರ್ತನಗಳು ಎಂಟೇ. ಗಾತ್ರ ಹೆಚ್ಚುಕಡಿಮೆ ಒಂದೇ ಆದರೂ ಶ್ರಮ ಬೇರೆ. ಹಾಗಾಗಿ ಭಾಗಾಕಾರಕ್ಕೆ ಕೈಹಾಕುವ ಮೊದಲು ಅಂಕಿಗಳ ಪುನರಾವರ್ತನೆಯನ್ನು ಗಮನಿಸಬೇಕು.