‘ಕಿಸು’ ಎಂಬ ಗುಣವಚನ

ಕ್ರಿ.ಶ. 850ರ ಸುಮಾರಿಗೆ ರಚಿತವಾದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆಂಬುದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಕೊಪಣವೆಂದರೆ ನಮ್ಮ ಕೊಪ್ಪಳವೇ ಆದುದರಿಂದ ಆ ಮಾತನ್ನು ಅಭಿಮಾನದಿಂದ ಮತ್ತೆ ಮತ್ತೆ ಆಡುತ್ತೇವೆ. ಆದರೆ ಅದರ ನೆರೆಯಲ್ಲಿಯೇ ಕುಳಿತಿರುವ ಕಿಸುವೊಳಲಿನ ‘ಕಿಸು’ ಎಂದರೇನೆಂದು ಕೇಳಿದರೆ ಉತ್ತರ ಬರುವುದು ಅಪರೂಪ.

ಪೊಳಲ್ ಎಂದರೆ ಪಟ್ಟಣ. ಕಿಸು ಎಂದರೆ ಕೆಂಪು. ಸಮಾಸದಲ್ಲಿ ಪಕಾರಕ್ಕೆ ವಕಾರಾದೇಶವಾಗಿ ಕಿಸುವೊಳಲ್ ಎಂದಾಯಿತು. ಇದು ಇಂದಿನ ಪಟ್ಟದಕಲ್ಲು. ಅಲ್ಲಿಯ ಕೆಂಪು ಮರಳುಗಲ್ಲನ್ನು ಕಂಡವರಿಗೆ ಬೇರೆ ವ್ಯಾಖ್ಯಾನ ಬೇಡ. ಸಂಸ್ಕೃತ ವ್ಯಾಸಂಗ ಮಾಡಿದವರಿಗೆ ಇದು ‘ಕಿಂಶುಕ’ದ ತದ್ಭವವಿರಬಹುದೆಂದು ತೋರುವುದು ಸಹಜ, ಮುತ್ತುಗದ ಹೂವೂ ಕೆಂಪೇ ಅಲ್ಲವೆ! ಆದರೆ ಬಾದಾಮಿ ಚಾಲುಕ್ಯರ ಕಾಲದ ಸಂಸ್ಕೃತ ಶಾಸನಗಳು ಈ ಊರನ್ನು ರಕ್ತಪುರವೆಂದು ಕರೆದಿವೆ. ಆ ಕಾಲದವರೇ ಅನುವಾದ ಮಾಡಿಕೊಟ್ಟಿರುವಾಗ ನಮ್ಮ ಊಹೆಗೆ ಎಡೆಯಿಲ್ಲ. ಕಿಸುಗಣ್, ಕಿಸುಗಲ್ ಮೊದಲಾದ ಪದಗಳಲ್ಲಿಯೂ ಹೂವಿನ ಸುಳಿವಿಲ್ಲ, ಬಣ್ಣವೊಂದೇ ಇದೆ.

ಪದದ ಹುಟ್ಟನ್ನು ವಿಚಾರಿಸೋಣ. ಕೆಂಪು, ಕೆಚ್ಚನೆ, ಕೆಂಚ ಇವೆಲ್ಲವೂ ಕಿಸುವಿನ ಒಡಹುಟ್ಟಿದವು. ಕನ್ನಡದ ಕೆಂದಾವರೆಯು ತಮಿಳಿನಲ್ಲಿ ಸೆಂದಾಮರೈ, ತೆಲುಗಿನಲ್ಲಿ ಚೆಂದಾಮರ. ಇ, ಎ ಸ್ವರಗಳ ಮುಂದೆ ಬಂದ ಹಳೆಯ ಕಕಾರವು ಆ ಭಾಷೆಗಳಲ್ಲಿ ಚಕಾರವಾಗಿ ತಿರುಗಿತು. ಕನ್ನಡವು ಅದನ್ನು ಬಿಟ್ಟುಕೊಡಲಿಲ್ಲ. ಇನ್ನು ‘ಕೆ’ಯು ‘ಕಿ’ ಆದುದಕ್ಕೆ ಕಾರಣ ಅದರ ಮುಂದಣ ಉಕಾರ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಹಿಂದಿನ ಎ, ಒ ಎಂಬ ಹ್ರಸ್ವಗಳು ಇ, ಉ ಆಗುವುದು ಹಳಗನ್ನಡದ ರೂಢಿ. ತಮಿಳಿನ ಸೆವಿ ನಮ್ಮ ಕಿವಿ. ಅವರ ಕೊಡು ಹಳಗನ್ನಡದ ಕುಡು. ಹಾಗೆಯೇ ಕೆಸು ಕಿಸುವಾಯಿತು. ದೀರ್ಘಕ್ಕೆ ಈ ಬಾಧೆಯಿಲ್ಲವಾದುದರಿಂದ ಕೇಸುರಿ, ಕೇಸಡಿಗಳು ಕೆಡದೆ ಉಳಿದವು. ಹಲ್ಲು ಕಿಸಿಯುವ ‘ಕಿಸಿ’ಗೂ ಇದಕ್ಕೂ ನಂಟಿಲ್ಲ; ಅದು ಅಗಲಿಸು ಎಂಬರ್ಥದ ಧಾತು.

ಸಂಸ್ಕೃತದ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಬೇಕು: ರಕ್ತಃ, ರಕ್ತಾ, ರಕ್ತಮ್. ಕಿಸುವಿಗೆ ಈ ತಾಪತ್ರಯವಿಲ್ಲ. ಅದು ಹಾಗೆಯೇ ಹೋಗಿ ನಾಮಪದಕ್ಕೆ ಹತ್ತಿಕೊಳ್ಳುತ್ತದೆ.

ಇದೇ ಪದವುಳ್ಳ ಇನ್ನೊಂದು ಹೆಸರು ನಮ್ಮ ಬಾಗಿಲಿಗೇ ಬರುತ್ತದೆ. ಅದು ಕಿಸುಕಾಡು ಎಪ್ಪತ್ತು, ಎಂದರೆ ಎಪ್ಪತ್ತು ಊರುಗಳ ನಾಡು. ಕಣ್ಣು ‘ಗಣ್’ ಆದಂತೆ ಕಾಡು ‘ಗಾಡು’ ಆಗಬೇಕಿತ್ತಲ್ಲ ಎಂದು ವೈಯಾಕರಣರು ಕೇಳಬಹುದು. ಶಾಸನಗಳಲ್ಲಿ ರೂಢವಾಗಿರುವುದು ಮಾತ್ರ ಕಿಸುಕಾಡೇ. ಯಲಬುರ್ಗಿಗೆ ವಾಯವ್ಯದಲ್ಲಿ, ಗದಗ ಜಿಲ್ಲೆಯಲ್ಲಿರುವ ಸೂಡಿಯ ಶಾಸನಗಳಿಂದ ಕಲ್ಯಾಣ ಚಾಲುಕ್ಯರ ಅಕ್ಕಾದೇವಿಯು 1010ರಲ್ಲಿ ಈ ನಾಡನ್ನು ಆಳುತ್ತಿದ್ದುದು ತಿಳಿಯುತ್ತದೆ. ಮುಂದೆ ಇದು ಎರಂಬರಗೆಯ, ಎಂದರೆ ಯಲಬುರ್ಗಿಯ, ಸಿಂದರ ಕೈಸೇರಿತು. 12ನೆಯ ಶತಮಾನದಲ್ಲಿ ಸಿಂದ ಎರಡನೆಯ ಚಾವುಂಡನ ಕಾಲದ ಪಟ್ಟದಕಲ್ಲಿನ ಶಾಸನದಲ್ಲಿ ಆ ಊರು ‘ಪಟ್ಟದ ಕಿಸುವೊಳಲ್’. ಎರಂಬರಗೆಯ ‘ಎರ’ವನ್ನೂ ಎರೆಹೊಲಕ್ಕೆ ಗಂಟುಹಾಕಿಬಿಡಲು ಆಸೆಯಾಗುತ್ತದೆ. ಆದರೆ ಕಿಸುವೊಳಲಿಗೆ ರಕ್ತಪುರವಿದ್ದಂತೆ ಅದಕ್ಕೊಂದು ಆಧಾರ ಬೇಕು. ನಾದಸಾಮ್ಯವೊಂದರಿಂದಲೇ ನಿರುಕ್ತಿ ಹೇಳುವುದು ಪಂಡಿತರಿಗೆ ಒಪ್ಪುವ ಕೆಲಸವಲ್ಲ.

ಆಮೇಲೆ ‘ಪಟ್ಟ’ ಉಳಿಯಿತು, ‘ಕಿಸು’ ಹೋಯಿತು. ಕೆಂಪು ಎಂಬ ಮಾತೇ ಎಲ್ಲ ಕೆಲಸವನ್ನೂ ವಹಿಸಿಕೊಂಡಿತು. ನಮ್ಮ ರೈತರೂ ಕೆಂಪು ನೆಲವನ್ನು ಮಸಾರಿ ಎನ್ನುತ್ತಾರೆಯೇ ಹೊರತು ಕಿಸುನೆಲವೆನ್ನರು. ಆದರೂ ಹೊಲ, ಹಳ್ಳ, ದಿಬ್ಬ, ಬಂಡೆಗಳ ಹೆಸರುಗಳಲ್ಲಿ ಹಳೆಯ ಪದಗಳು ಅಡಗಿ ಬದುಕುವುದುಂಟು. ಪಹಣಿಯಲ್ಲಿ ಹೊಲವನ್ನು ಗುರುತಿಸುವುದು ಸರ್ವೆ ನಂಬರು. ಹೊಲದ ಹೆಸರು ಹಿರಿಯರ ಬಾಯಲ್ಲಿದೆ, ಅವರೊಡನೆಯೇ ಹೋಗುತ್ತಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಅಧ್ಯಾಪಕ ಬಂಧುಗಳು ಬೇಸಿಗೆಯ ರಜೆಯಲ್ಲಿ ಮಕ್ಕಳಿಂದ ಅವರವರ ಊರಿನ ಇಂಥ ಹೆಸರುಗಳನ್ನು ಬರೆಯಿಸಲಿ. ಅಜ್ಜ ಅಂದಂತೆಯೇ ಬರೆಯಬೇಕು. ಶುದ್ಧಗೊಳಿಸುವ ಉತ್ಸಾಹ ಬೇಡ. ‘ಕಿಸ’ ಎಂದೋ ‘ಕೆಸ’ ಎಂದೋ ಸವೆದ ರೂಪ ಸಿಕ್ಕರೆ ನೆಲದ ಬಣ್ಣವನ್ನೂ ಪಕ್ಕದಲ್ಲಿ ಕಾಣಿಸಲಿ.